ಅಕ್ಕನ ಅಪ್ಪ ಮಾಡುತ್ತಿದ್ದ ಚಾ

ಮೊನ್ನೆ ನಾದಿನಿಯ ಮಗಳು ಮಂಗಳೂರಿನಿಂದ ಬಂದವಳು ತನ್ನ ಬ್ಯಾಗಿನಿಂದ ಒಂದು ಸಣ್ಣ ತಗಡಿನ ಡಬ್ಬಿ ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಊಲಾಂಗ್ ಚಾ ಅಂತೆ. ಚೀನಾದ್ದು. ತೂಕ ಇಳಿಯುತ್ತದೆಂದು ಹಾಸ್ಟೆಲಿನಲ್ಲಿ ಎಲ್ಲರೂ ಅದನ್ನೇ ಕುಡಿಯುತ್ತಾರಂತೆ. ನಾನು ಬಂಗುಡೆಗೆ ಮಸಾಲೆ ಅರೆಯುವ ಗಡಿಬಿಡಿಯಲ್ಲಿದ್ದೆ. ಅವಳು ಡಬ್ಬಿಯ ಮುಚ್ಚಳ ತೆಗೆದಳು, ಅಷ್ಟೇ. ಮೆಣಸು, ಹುಣಸೆಹುಳಿ, ಹಸಿ ಮೀನು ಇವೆಲ್ಲದರ ನಡುವಿನಿಂದ ಆ ವಾಸನೆ ಎದ್ದು ಬಂತು. ಎಲ್ಲೋ ದೂರದಲ್ಲಿ ಯಾರೋ ಅಕ್ಕಿ ಹುರಿದ ಹಾಗೆ, ಅದರ ಹಿಂದೆಯೇ ಬಾಡಿದ ಹೂವಿನ ಹಾಗೆ... ಮಿಕ್ಸಿಯ ಮೇಲಿದ್ದ ನನ್ನ ಕೈ ಅಲ್ಲೇ ನಿಂತಿತು.

“ಎಂತ ಮಾಮಿ, ತಲೆ ತಿರುಗಿತಾ?” ಎಂದು ಹುಡುಗಿ ಕೇಳಿದಳು.

ಏನಿಲ್ಲ ಎಂದೆ. ಹೇಳಲು ಹೊರಟರೆ ಎಲ್ಲಿಂದ ಶುರುಮಾಡಬೇಕಿತ್ತು... ರಿಯಾದಿನ ಮಲಾಜ್‌ನಿಂದ, ಅಲ್ಲಿ ಮೂರನೇ ಮಹಡಿಯಲ್ಲಿ ನಮ್ಮ ಬಾಗಿಲಿಗೆ ಎದುರಾಗಿದ್ದ ಇನ್ನೊಂದು ಬಾಗಿಲಿನಿಂದ, ಆ ಬಾಗಿಲ ಹಿಂದಿದ್ದ ಅಕ್ಕನಿಂದ.

ಮದುವೆಯಾದ ಮರುವರ್ಷ ನಾನು ಕಾಪುವಿನಿಂದ ರಿಯಾದಿಗೆ ಹೋದೆ. ನಮ್ಮ ಮನೆಯವರು ಅಲ್ಲಿ ಕಾರಿನ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದರು. ಬೆಳಗ್ಗೆ ಹೋದವರು ಮಧ್ಯಾಹ್ನ ಬಂದು ಉಂಡು, ಮತ್ತೆ ಹೋಗಿ, ರಾತ್ರಿಯ ಇಶಾ ನಮಾಜು ಕಳೆದ ಮೇಲೆ ಮನೆಗೆ ಬರುವುದು. ನಡುವಿನ ಹೊತ್ತೆಲ್ಲ ಎರಡು ಕೋಣೆ, ಗೊರಗೊರ ಎನ್ನುವ ಒಂದು ಎಸಿ ಮತ್ತು ನಾನು. ಹೊರಗೆ ಹೋಗಬೇಕಾದರೆ ಕಾರು ಬೇಕು, ಕಾರು ಓಡಿಸಲು ಗಂಡಸು ಬೇಕು. ಕೆಳಗಿನ ಮನೆಯ ಭಟ್ಕಳದ ಮಾಮಿ ಅಪರೂಪಕ್ಕೆ ಮೆಟ್ಟಿಲು ಹತ್ತಿ ಬರುತ್ತಿದ್ದರು. ಎದುರು ಮನೆಗೆ ಚೀನಾದ ಮುಸ್ಲಿಮರು ಬಂದಿದ್ದಾರೆಂದು ಮೊದಲು ಸುದ್ದಿ ತಂದವರೂ ಅವರೇ. “ಚೀನಾದಲ್ಲಿ ನಮ್ಮವರು ಇದ್ದಾರಾ ಮಾರಾಯ್ತಿ?” ಎಂದು ಅವರಿಗೆ ದೊಡ್ಡ ಸಂಶಯ. ಆ ಗಂಡಸು ಪ್ರತಿದಿನ ನಸುಕಿನ ಸುಬಹಿ ನಮಾಜಿಗೆ ಮಸೀದಿಯ ಮೊದಲ ಸಾಲಿನಲ್ಲಿ ನಿಲ್ಲುತ್ತಾನೆಂದು ಅವರ ಯಜಮಾನರು ಹೇಳಿದ ಮೇಲೆ ಆ ಸಂಶಯ ತಣ್ಣಗಾಯಿತು.

ಗಂಡ ಒಂದು ಕಟ್ಟಡ ಕಂಪನಿಯಲ್ಲಿ ದುಭಾಷಿ. ಚೀನಾದ ಇಂಜಿನಿಯರುಗಳ ಮಾತನ್ನು ಅರಬ್ಬರಿಗೆ, ಅರಬ್ಬರ ಮಾತನ್ನು ಅವರಿಗೆ ದಾಟಿಸುವ ಕೆಲಸ. ಖಮೀಸ್ ಮುಶೈತ್ ಕಡೆ ಎಲ್ಲೋ ರಸ್ತೆ ಕೆಲಸ ನಡೆಯುತ್ತಿತ್ತು, ಹೋದರೆ ವಾರಗಟ್ಟಲೆ ಅಲ್ಲೇ. ಹೆಂಡತಿ ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ಗಿಡ್ಡ ಆಳು, ಅವಸರದ ನಡಿಗೆ. ಆ ಮೈಗೆ ಹೊಂದದಷ್ಟು ಅಗಲವಾದ ಅಂಗೈ. ಮೆಟ್ಟಿಲ ಮೇಲೆ ಸಿಕ್ಕಾಗ ಸಲಾಂ ಹೇಳಿ ನಗುತ್ತಿದ್ದರು. ಅದಕ್ಕಿಂತ ಹೆಚ್ಚಿನ ಪರಿಚಯ ಆಗಲು ಒಂದು ಕೆಟ್ಟ ದಿನ ಬರಬೇಕಾಯಿತು.

ಐದನೇ ತಿಂಗಳಲ್ಲಿ ನನ್ನ ಮಗು ಹೊಟ್ಟೆಯಲ್ಲೇ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಊರಿನಿಂದ ಫೋನಿನ ಮೇಲೆ ಫೋನು. ಅಳಬೇಡ, ಅಲ್ಲಾಹನು ಇನ್ನೊಂದು ಕೊಡುತ್ತಾನೆ, ವಯಸ್ಸಿದೆ, ಅಳಬೇಡ. ನಾನು ಎಲ್ಲರಿಗೂ ಹೂಂ ಎನ್ನುತ್ತಿದ್ದೆ. ಅಳು ಎಲ್ಲೋ ಎದೆಯಲ್ಲಿ ಕಲ್ಲಾಗಿ ಕೂತಿತ್ತು. ನಮ್ಮ ಮನೆಯವರಿಗೆ ಹೆಚ್ಚು ರಜೆ ಇರಲಿಲ್ಲ. ಇವರು ಅಂಗಡಿಗೆ ಹೋದ ಮಧ್ಯಾಹ್ನ ಬಾಗಿಲ ಗಂಟೆಯ ಸದ್ದಾಯಿತು. ತೆರೆದರೆ ಎದುರು ಮನೆಯ ಅಕ್ಕ. ಒಂದು ಕೈಯಲ್ಲಿ ವಿದ್ಯುತ್ ಕೆಟಲ್, ಇನ್ನೊಂದು ಕೈಯಲ್ಲಿ ಮರದ ತಟ್ಟೆ. ನನ್ನನ್ನು ಮೆಟ್ಟಿಲಿಳಿಸಿ ಆಸ್ಪತ್ರೆಗೆ ಕರೆದೊಯ್ದದ್ದನ್ನು ಅವರು ನೋಡಿದ್ದರು.

ಹಾಲು ಬೇಕಾ ಎಂದು ನಾನು ಫ್ರಿಜ್ಜಿನ ಕಡೆ ಕೈ ತೋರಿಸಿದರೆ “ಲಾ, ಲಾ”, ಬೇಡ ಬೇಡ ಎಂದು ತಲೆಯಾಡಿಸಿದರು. ನೆಲದ ಮೇಲೆ ಕೂತು ಮುಚ್ಚಳವಿದ್ದ ಒಂದು ಬಿಳಿ ಬಟ್ಟಲಿಗೆ ಕಪ್ಪು ಗುಳಿಗೆಗಳಂಥದ್ದೇನೋ ಹಾಕಿ ಕುದಿಯುವ ನೀರು ಸುರಿದರು. ತುಸು ಹೊತ್ತಿಗೆ ಅದನ್ನು ಬಗ್ಗಿಸಿ, ನಮ್ಮೂರಿನಲ್ಲಿ ಮಕ್ಕಳು ಆಟವಾಡುವಷ್ಟು ಸಣ್ಣ ಲೋಟಕ್ಕೆ ಹುಯ್ದು ಕೊಟ್ಟರು. ಜೇನಿನ ಬಣ್ಣ. ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು, ಇದು ಬಿಸಿ, ಹೊಟ್ಟೆಗೆ ಒಳ್ಳೆಯದು ಎಂದು ಅರಬ್ಬಿಯಲ್ಲಿ ಹೇಳಿದರು. ಕುಡಿದೆ. ಹಾಲಿಲ್ಲದ ಸುಲೈಮಾನಿ ಚಾ ಮಾಡಿ ನಿಂಬೆ ಹಿಂಡಲು, ಸಕ್ಕರೆ ಹಾಕಲು ಎರಡನ್ನೂ ಮರೆತ ಹಾಗಿತ್ತು. ಆದರೆ ನುಂಗಿದ ಮೇಲೆ ಗಂಟಲಿನ ಬುಡದಿಂದ ಒಂದು ಸಿಹಿ ನಿಧಾನವಾಗಿ ಮೇಲೆ ಬಂತು. ಅದರ ಜೊತೆಗೇ ಎದೆಯ ಕಲ್ಲೂ ಕದಲಿತೋ ಏನೋ, ನಾನು ಅಳತೊಡಗಿದೆ. ಅವರು ಅಳಬೇಡ ಎನ್ನಲಿಲ್ಲ. ನನ್ನ ಲೋಟ ಖಾಲಿಯಾದಾಗಲೆಲ್ಲ ತುಂಬಿಸುತ್ತಾ, ಅದೇ ಎಲೆಗೆ ಮತ್ತೆ ಮತ್ತೆ ನೀರು ಸುರಿಯುತ್ತಾ, ಇಳಿಹೊತ್ತಿನ ಅಸರ್ ಬಾಂಗಿನವರೆಗೂ ಕೂತಿದ್ದರು.

ಆಮೇಲೆ ನಮ್ಮ ಮಧ್ಯಾಹ್ನಗಳು ಒಟ್ಟಿಗೇ ಕಳೆದವು. ನಮ್ಮಿಬ್ಬರ ನಡುವಿನ ಭಾಷೆ ಅರ್ಧ ಅಂಗಡಿಯ ಅರಬ್ಬಿ, ಕಾಲುಭಾಗ ಇಂಗ್ಲಿಷ್, ಉಳಿದದ್ದು ಕೈಸನ್ನೆ. ಅವರು ನನ್ನನ್ನು ‘ಉಖ್ತಿ’ ಎಂದು ಕರೆಯುತ್ತಿದ್ದರು, ತಂಗಿ ಎಂಬ ಅರ್ಥದಲ್ಲಿ. ನನ್ನಿಂದ ಅವರು ಕಲಿತ ಒಂದೇ ಒಂದು ಕನ್ನಡ ಶಬ್ದ ‘ಎಂತ’. ಬಾಗಿಲು ತೆರೆದ ಕೂಡಲೇ “ಎಂತ?” ಎಂದು ಹುಬ್ಬೇರಿಸುವುದು ಅವರಿಗೊಂದು ಖುಷಿ.

ಯಾವುದನ್ನಾದರೂ ಮೊದಲು ಮೂಸಿ ನೋಡುವುದು ಅವರ ಅಭ್ಯಾಸ. ನನ್ನ ಸಾರು, ತರಕಾರಿಯವನ ಟೊಮೆಟೊ, ಹೊಸದಾಗಿ ಒಗೆದ ಬಟ್ಟೆ ಕೂಡ. ಬಾಟಲಿ ನೀರಿನಲ್ಲಿಯೂ ಅವರಿಗೆ ಒಳ್ಳೆಯದು ಕೆಟ್ಟದು ಇತ್ತು. ರಿಯಾದಿನ ನಲ್ಲಿ ನೀರು ಹಾಕಿದರೆ ಚಾ ಬಾಯಿಯೇ ಬಿಡುವುದಿಲ್ಲ ಎನ್ನುತ್ತಿದ್ದರು. ನೀರು ಭರ್ತಿ ಕುದಿಯಬೇಕು. ಮೊದಲು ಸುರಿದ ನೀರನ್ನು ಎಲೆ ತೊಳೆದ ಹಾಗೆ ಚೆಲ್ಲಿಬಿಡಬೇಕು. ಆಮೇಲೆ ಹುಯ್ದು ಹೆಚ್ಚು ಹೊತ್ತು ಬಿಡದೆ ಬಗ್ಗಿಸಬೇಕು, ಒಂದು ಹನಿಯೂ ಎಲೆಯೊಂದಿಗೆ ಉಳಿಯಬಾರದು. ಕುಡಿಯುವ ಮೊದಲು ಬಟ್ಟಲಿನ ಮುಚ್ಚಳವನ್ನು ನನ್ನ ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಆರಂಭದಲ್ಲಿ ನನಗೆ ಬರೀ ಹೊಗೆಯ ವಾಸನೆ. ಕೆಲವು ತಿಂಗಳಾದ ಮೇಲೆ ಅದರೊಳಗಿಂದ ಹೂವು ಬರತೊಡಗಿತು. ಒಂದೊಂದು ಸಲ ನೀರು ಹುಯ್ದಾಗಲೂ ಆ ಗುಳಿಗೆಗಳು ಸ್ವಲ್ಪ ಸ್ವಲ್ಪವೇ ಬಿಚ್ಚಿಕೊಂಡು ಕೊನೆಗೆ ಬಟ್ಟಲು ತುಂಬ ದೊಡ್ಡ ದೊಡ್ಡ ಎಲೆ. ನಮ್ಮ ಚಾಪುಡಿಯೂ ಇಂಥದ್ದೇ ಎಲೆಯಿಂದ ಬರುವುದೆಂದು ಅಲ್ಲಿಯವರೆಗೆ ನನಗೆ ನಿಜವಾಗಿ ಅನಿಸಿರಲೇ ಇಲ್ಲ.

ಅದು ಅವರ ಅಪ್ಪನ ತೋಟದ ಎಲೆ. ಚೀನಾದ ದಕ್ಷಿಣದಲ್ಲಿ, ಸಮುದ್ರದಿಂದ ಸ್ವಲ್ಪ ಒಳಗೆ, ಆನ್‌ಶಿ ಎಂಬ ಗುಡ್ಡಗಳ ಸೀಮೆ. ಅಲ್ಲಿ ಊಲಾಂಗ್ ಮಾಡುವ ರೀತಿಯನ್ನು ಅವರು ಒಂದು ದಿನ ನನಗೆ ಮಾಡಿ ತೋರಿಸಿದರು. ರಿಯಾದಿನಲ್ಲಿ ಚಾದ ಎಲೆ ಎಲ್ಲಿಂದ ಬರಬೇಕು? ಮೂಲೆಯ ಬಕಾಲಾ ಅಂಗಡಿಯಿಂದ ಒಂದು ಕಟ್ಟು ಪುದೀನ ತರಿಸಿದರು. ನನ್ನ ಬಿರಿಯಾನಿಯ ದೊಡ್ಡ ತಟ್ಟೆಯಲ್ಲಿ ಹರಡಿ ಬಾಲ್ಕನಿಯ ಇಳಿಬಿಸಿಲಲ್ಲಿ ಸ್ವಲ್ಪ ಬಾಡಿಸಿದರು. ಮತ್ತೆ ಒಳಗೆ ತಂದು, ಮೊರದಲ್ಲಿ ಅಕ್ಕಿ ಕೇರುವ ಹಾಗೆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಾ ಕುಲುಕಿದರು. ಎಲೆಗಳು ಒಂದರ ಮೇಲೊಂದು ಹತ್ತಿ ಇಳಿದವು. ಹೀಗೆ ಕುಲುಕುವುದು, ಬಿಡುವುದು, ಮೂಸುವುದು, ಮತ್ತೆ ಕುಲುಕುವುದು. ಎಲೆಯ ಅಂಚಿಗೆ ಮಾತ್ರ ಪೆಟ್ಟಾಗಬೇಕು. ಅಂಚು ಕೆಂಪಾಗುತ್ತದೆ, ನಡು ಹಸಿರಾಗಿಯೇ ಉಳಿಯುತ್ತದೆ. ಮೊದಲು ಹುಲ್ಲಿನ ವಾಸನೆ, ಆಮೇಲೆ ಹೂವಿನದು, ಇನ್ನೂ ಬಿಟ್ಟರೆ ಹಣ್ಣಿನದು. ಸರಿಯಾದ ವಾಸನೆ ಬಂದ ಗಳಿಗೆಯಲ್ಲಿ ಕಾದ ಬಾಣಲೆಗೆ ಹಾಕಿ ಅದನ್ನು ಅಲ್ಲಿಗೇ ನಿಲ್ಲಿಸಬೇಕು. ಮೊದಲೇ ಹಾಕಿದರೆ ಕಹಿ, ತಡವಾದರೆ ಎಲೆ ಸತ್ತ ಹಾಗೆ. ಆಮೇಲೆ ಬಟ್ಟೆಯಲ್ಲಿ ಗಂಟು ಕಟ್ಟಿ ಉಜ್ಜಿ ಉಜ್ಜಿ ಗುಳಿಗೆ ಮಾಡುವುದು, ಕೊನೆಗೆ ಬೂದಿ ಮುಚ್ಚಿದ ಇದ್ದಿಲಿನ ಮೇಲೆ ಬುಟ್ಟಿಯಿಟ್ಟು ತಾಳ್ಮೆಯಿಂದ ಹುರಿಯುವುದು.

“ಪುದೀನ ಎಂತ ಆಯಿತು?” ಎಂದು ಸಂಜೆ ಕೇಳಿದೆ. ಅದು ಪೂರಾ ಕಪ್ಪಾಗಿ ಮುದುಡಿತ್ತು. ಅಕ್ಕ ಬಿದ್ದು ಬಿದ್ದು ನಕ್ಕರು. ಅವರು ಹಾಗೆ ನಕ್ಕದ್ದನ್ನು ನೆನೆಸಿಕೊಂಡರೆ ಈಗಲೂ...

ತಟ್ಟೆ ಕುಲುಕುವ ಕೈ ಮನೆಯ ಮಕ್ಕಳಲ್ಲಿ ಅಕ್ಕನಿಗೆ ಮಾತ್ರ ಬಂದಿತ್ತಂತೆ. ಅಣ್ಣನಿಗಿಲ್ಲದ ಮೂಗು ಮಗಳಿಗಿದೆ ಎಂದು ಅಪ್ಪನಿಗೆ ಹೆಮ್ಮೆ. ತನ್ನ ನಂತರ ಅವಳೇ ಎಂದು ಊರಿಗೆಲ್ಲ ಹೇಳಿಟ್ಟಿದ್ದರು. ಆದರೆ ಅಕ್ಕ ಪೇಟೆಗೆ ಕೆಲಸಕ್ಕೆ ಹೋದವರು, ಉತ್ತರದ ಕಡೆಯಿಂದ ಬಂದಿದ್ದ, ಅರಬ್ಬಿ ಓದಿದ ಮುಸ್ಲಿಂ ಹುಡುಗನನ್ನು ಮೆಚ್ಚಿಕೊಂಡರು. ಕಲಿಮಾ ಹೇಳಿ ಇಸ್ಲಾಮಿಗೆ ಸೇರಿ ಮದುವೆಯಾದರು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಮಾತು ನಿಲ್ಲಿಸಿದರು. ಅಮ್ಮ ತೀರಿಕೊಂಡಾಗ ಮಗಳು ಹೋದರೂ ಒಂದೇ ಸೂರಿನಡಿ ಎದುರಿಗೆ ಕೂತು ಉಂಡರೇ ಹೊರತು ಒಂದು ಶಬ್ದ ಆಡಲಿಲ್ಲ. ಅಷ್ಟಾದರೂ ಪ್ರತಿವರ್ಷ ಹಿಂಗಾರಿನ ಕೊಯ್ಲು ಮುಗಿದ ಮೇಲೆ, ರಜೆ ಮುಗಿಸಿ ಬರುವ ಕಂಪನಿಯ ಯಾರದೋ ಪೆಟ್ಟಿಗೆಯಲ್ಲಿ ಒಂದು ಚಾದ ಪೊಟ್ಟಣ ಬರುತ್ತಿತ್ತು.

ಅಕ್ಕನ ಅಣ್ಣ ಆಗಲೇ ಹೊಸ ರೀತಿ ಹಿಡಿದಿದ್ದರು. ಈಗಿನವರಿಗೆ ಹಸಿರು ಬಣ್ಣದ, ಘಮ್ಮೆನ್ನುವ, ಅಷ್ಟಾಗಿ ಹುರಿಯದ ಚಾ ಬೇಕು, ಮಾರಾಟವಾಗುವುದೂ ಅದೇ. ಅಪ್ಪ ಅದನ್ನು ಹುಲ್ಲಿನ ನೀರು ಎಂದು ಮುಟ್ಟುತ್ತಿರಲಿಲ್ಲ. ಮಗಳಿಗೆ ಕಳಿಸುವಷ್ಟನ್ನು ಬೇರೆಯಾಗಿ ಕಿತ್ತು, ತಾವೇ ಕುಲುಕಿ, ತಾವೇ ಇದ್ದಿಲಿನ ಮುಂದೆ ಕೂತು ಹುರಿಯುತ್ತಿದ್ದರಂತೆ.

“ಅವರಿಗೆ ನಿಮ್ಮ ಮೇಲೆ ಸಿಟ್ಟಿಲ್ಲ ಅಕ್ಕ” ಎಂದೆ ಒಮ್ಮೆ.

“ಇದೆ” ಎಂದರು ಅಕ್ಕ. “ಸಿಟ್ಟೂ ಇದೆ, ಚಾ ಕೂಡ ಮಾಡುತ್ತಾರೆ.”

ಅದೇ ಹೊತ್ತಿಗೆ ಕಂಪನಿಗಳ ಸ್ಥಿತಿ ಕೆಡತೊಡಗಿತ್ತು. ಕೆಲಸಗಳು ಅರ್ಧಕ್ಕೆ ನಿಂತವು. ಅಕ್ಕನ ಗಂಡನ ಕಂಪನಿ ಇಕಾಮಾಗಳನ್ನು, ಅಂದರೆ ಅಲ್ಲಿ ಇರಲು ಬೇಕಾದ ಪರವಾನಗಿಯನ್ನು, ನವೀಕರಿಸದೆ ಬಿಟ್ಟಿತು. ಇಕಾಮಾ ಮುಗಿದವನಿಗೆ ಊರಿಗೆ ಹೋಗಲು ವೀಸಾ ಇಲ್ಲ, ಪೊಲೀಸರ ಕಣ್ಣಿಗೆ ಬಿದ್ದರೆ ಕಷ್ಟ. ಗಂಡನದು ಮುಗಿದರೆ ಹೆಂಡತಿಯದೂ ಮುಗಿದ ಹಾಗೆ. ಆ ವರ್ಷ ಅವರು ಪಾರ್ಕಿಗೂ ಹೋಗದೆ ಮನೆಯೊಳಗೇ ಇದ್ದರು. ಅಕ್ಕ ಅದನ್ನು ದೊಡ್ಡ ವಿಷಯ ಮಾಡಲಿಲ್ಲ. ಚಳಿಗಾಲ ಬಂತು, ಅಪ್ಪನ ಪೊಟ್ಟಣ ಬರುವ ಹೊತ್ತಾಯಿತು ಎಂದು ಮಕ್ಕಳ ಹಾಗೆ ಕಾಯುತ್ತಿದ್ದರು.

ಒಂದು ಶುಕ್ರವಾರ ಜುಮಾ ಮುಗಿದ ಮೇಲೆ ನಮ್ಮಿಬ್ಬರನ್ನೂ ಕರೆದರು. ಬೇರೆ ಕಂಪನಿಯ ಯಾರದೋ ಕೈಯಲ್ಲಿ ಪೊಟ್ಟಣ ಬಂದಿತ್ತು. ಅವರ ಗಂಡ, ನಾನು, ನಮ್ಮ ಮನೆಯವರು ಕಾರ್ಪೆಟ್ಟಿನ ಮೇಲೆ ಕೂತೆವು. ಅಕ್ಕ ಪೊಟ್ಟಣ ಕತ್ತರಿಸಿ ಅಂಗೈಗೆ ಸುರಿದುಕೊಂಡರು. ಗುಳಿಗೆಗಳು ಹಚ್ಚಹಸಿರಾಗಿದ್ದವು. ಅವರು ಮೂಸಿದರು. ಬಟ್ಟಲಿಗೆ ಹಾಕಿ ನೀರು ಸುರಿದರು, ಬಗ್ಗಿಸಿದರು, ನಾಲ್ಕೂ ಲೋಟಕ್ಕೆ ಹುಯ್ದರು. ಕೋಣೆಯಿಡೀ ಹೂವಿನ ಘಮ. ನಮ್ಮ ಮನೆಯವರು “ಮಾಷಾ ಅಲ್ಲಾಹ್, ಈ ಸಲದ್ದು ಭಾರಿ ಒಳ್ಳೆಯದುಂಟು!” ಎಂದರು. ಅಕ್ಕ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಗಂಡನ ಮುಖ ನೋಡಿದರು. ಆತ ತನ್ನ ಲೋಟವನ್ನೇ ನೋಡುತ್ತಿದ್ದರು.

ಅಕ್ಕ ತಮ್ಮ ಭಾಷೆಯಲ್ಲಿ ಒಂದೇ ಒಂದು ಮಾತು ಕೇಳಿದರು. ಅದರ ಅರ್ಥ ನನಗೆ ಆಮೇಲೆ ತಿಳಿಯಿತು. ‘ಯಾವಾಗ?’ ಎಂದು ಕೇಳಿದ್ದರು. ಏನಾಯಿತು ಎಂದಲ್ಲ, ಹೌದಾ ಎಂದಲ್ಲ. ಯಾವಾಗ, ಎಂದು.

ವಸಂತದ ಕೊಯ್ಲಿಗಿಂತ ಮೊದಲೇ ಅಪ್ಪ ಹೋಗಿಬಿಟ್ಟಿದ್ದರು. ಗುಡ್ಡದಿಂದ ಇಳಿದು ಬಂದವರು ಎದೆ ಹಿಡಿದುಕೊಂಡು ಜಗಲಿಯಲ್ಲಿ ಕೂತರಂತೆ, ಏಳಲಿಲ್ಲ. ಅಣ್ಣ ಅಂದೇ ಭಾವನಿಗೆ ಫೋನು ಮಾಡಿದ್ದರು. ಇಕಾಮಾ ಇಲ್ಲದೆ ಅವಳು ಹೊರಡಲಾರಳು, ಹೇಳಿದರೆ ಇಲ್ಲಿ ನಾಲ್ಕು ಗೋಡೆಯ ನಡುವೆ ಬೆಂದುಹೋಗುತ್ತಾಳೆ, ಕಾಗದಪತ್ರ ಸರಿಯಾದ ಮೇಲೆ ಹೇಳೋಣ ಎಂದು ಗಂಡಸರಿಬ್ಬರೂ ಮಾತಾಡಿಕೊಂಡರು. ಅಲ್ಲಿಯವರೆಗೆ ಗುಟ್ಟು ನಿಲ್ಲಲಿ ಎಂದು ಅಣ್ಣ ತಾನು ಮಾಡಿದ ಚಾವನ್ನೇ ಕಳಿಸಿದ್ದರು. ತಂಗಿಯ ನಾಲಗೆಯನ್ನು ಅವರು ಮರೆತಿದ್ದರೋ ಏನೋ...

ಅಕ್ಕ ಅಲ್ಲಿ ಅಳಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾವಿಬ್ಬರೂ ಮನೆಗೆ ಬಂದೆವು. ಮರುದಿನ ಬೆಳಗ್ಗೆ ನಾನು ಊರಿನಲ್ಲಿ ಸಾವಿನ ಮನೆಗೆ ಒಯ್ಯುವ ಹಾಗೆ ಕುಚ್ಚಲಕ್ಕಿ ಗಂಜಿ ಮಾಡಿ, ಒಂದಿಷ್ಟು ಹೆಸರುಕಾಳಿನ ಪಲ್ಯದೊಂದಿಗೆ ಒಯ್ದೆ. ಅಕ್ಕ ಗಂಜಿಯನ್ನು ಮೂಸಿ, ನಮ್ಮೂರಿನಲ್ಲೂ ಬೆಳಗ್ಗೆ ಇದೇ ಎಂದರು. ಎರಡು ಚಮಚ ಉಂಡರು. ಆಮೇಲೆ ಅವರು ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

“ಹೋಗಲು ಆಗುತ್ತಿರಲಿಲ್ಲ ಉಖ್ತಿ, ಅದು ನನಗೂ ಗೊತ್ತು. ಅಳಲು ಆಗುತ್ತಿತ್ತಲ್ಲ? ಅಳಲು ಇಕಾಮಾ ಬೇಕಾ? ಇಷ್ಟು ತಿಂಗಳು ಅಪ್ಪ ಮಣ್ಣಿನಲ್ಲಿದ್ದರು, ನಾನು ಇಲ್ಲಿ ನಗುತ್ತಿದ್ದೆ.”

ಅಂದಿನಿಂದ ಅವರು ಗಂಡನೊಂದಿಗೆ ಮಾತು ನಿಲ್ಲಿಸಿದರು. ಅಡುಗೆ ಮಾಡುತ್ತಿದ್ದರು, ಬಡಿಸುತ್ತಿದ್ದರು, ಅಂಗಿಗೆ ಇಸ್ತ್ರಿ ಹಾಕಿ ಇಡುತ್ತಿದ್ದರು. ಮಾತು ಮಾತ್ರ ಇಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು. ಆ ಮನುಷ್ಯ ಕೃಶವಾದರು. ದಿನವಿಡೀ ಎರಡು ಭಾಷೆಯಲ್ಲಿ ಬೇರೆಯವರ ಮಾತು ದಾಟಿಸುವುದೇ ಕೆಲಸವಾಗಿದ್ದವರಿಗೆ ತನ್ನ ಮನೆಯಲ್ಲಿ ಆಡಲು ಮಾತಿರಲಿಲ್ಲ. ಕೆಲವೊಮ್ಮೆ ಮನೆಯೊಳಗೆ ಹೋಗದೆ ಮೆಟ್ಟಿಲ ಮೇಲೆಯೇ ಕೂತಿರುತ್ತಿದ್ದರು. ಒಂದು ಸಂಜೆ ನಮ್ಮ ಮನೆಯವರು ಅವರನ್ನು ಒಳಗೆ ಕರೆದು ಕೂರಿಸಿದರು. “ಬೈಯಲಿ, ಹೊಡೆಯಲಿ, ಬಿಟ್ಟು ಹೋಗುತ್ತೇನೆ ಎನ್ನಲಿ. ಏನಾದರೂ ಹೇಳಲಿ” ಎಂದು ಅಷ್ಟು ದೊಡ್ಡ ಗಂಡಸು ಮುಖ ಮುಚ್ಚಿಕೊಂಡರು.

“ನೀನಾದರೂ ಒಮ್ಮೆ ಹೇಳಿ ನೋಡು ಮಾರಾಯ್ತಿ” ಎಂದರು ನಮ್ಮ ಮನೆಯವರು.

ಮರುದಿನ ಮಧ್ಯಾಹ್ನ ಹೋದೆ. ಅಕ್ಕ ಕೆಟಲಿಗೆ ನೀರು ತುಂಬುತ್ತಿದ್ದರು. ಹೇಗೆ ಶುರುಮಾಡುವುದೆಂದು ತಿಳಿಯದೆ ನೇರವಾಗಿಯೇ ಹೇಳಿಬಿಟ್ಟೆ. “ಅಕ್ಕ, ನಿಮ್ಮ ಅಪ್ಪ ನಿಮಗೆ ಮಾಡಿದ್ದನ್ನೇ ನೀವು ಇವರಿಗೆ ಮಾಡುತ್ತಾ ಇದ್ದೀರಿ.”

ಅವರು ಕೆಟಲನ್ನು ಕೆಳಗಿಟ್ಟರು. “ಯಲ್ಲಾ, ಹೊರಡು ಉಖ್ತಿ. ಮನೆಗೆ ಹೋಗು” ಎಂದು ಬಾಗಿಲು ತೆರೆದು ಹಿಡಿದರು.

ಆಮೇಲೆ ಕೆಲವು ವಾರ ಆ ಬಾಗಿಲು ನನಗೂ ತೆರೆಯಲಿಲ್ಲ. ಗಂಟೆ ಒತ್ತಿದರೆ ಒಳಗಿನಿಂದ ಹೆಜ್ಜೆಯ ಸದ್ದು ಬಾಗಿಲವರೆಗೆ ಬಂದು ನಿಲ್ಲುತ್ತಿತ್ತು. ಅಷ್ಟೇ. ಹೇಳಿದ್ದು ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಮಧ್ಯಾಹ್ನಗಳು ಮೊದಲಿನ ಹಾಗೆ ಎಸಿಯ ಗೊರಗೊರಕ್ಕೆ ವಾಪಸಾದವು.

ಚಳಿ ಕಳೆದು, ಧೂಳಿನ ಗಾಳಿ ಏಳುವ ದಿನಗಳಲ್ಲಿ ಒಂದು ಬೆಳಗ್ಗೆ ಗಂಟೆಯ ಸದ್ದಾಯಿತು. ತೆರೆದರೆ ಅಕ್ಕ ನಿಂತಿದ್ದರು. “ಎಂತ?” ಎಂದು ಹುಬ್ಬೇರಿಸಿದರು. ನನಗೆ ಅಳು ನಗು ಒಟ್ಟಿಗೇ ಬಂತು. ಕಂಪನಿಯನ್ನು ಬೇರೆ ಯಾರೋ ವಹಿಸಿಕೊಂಡು ಇಕಾಮಾಗಳು ಕೈಗೆ ಬಂದಿದ್ದವು. ಊರಿಗೆ ಹೋಗಿಬರಲು ವೀಸಾ ಸಿಕ್ಕಿತ್ತು. ವಸಂತದ ಕೊಯ್ಲಿಗೆ ಅಕ್ಕ ಆನ್‌ಶಿಗೆ ಹೊರಟಿದ್ದರು. ಸಂಜೆ ಬಾ, ನಿನ್ನ ಗಂಡನನ್ನೂ ಕರೆದುಕೊಂಡು ಬಾ ಎಂದರು.

ಅದೇ ಕಾರ್ಪೆಟ್ಟು, ಅದೇ ನಾಲ್ಕು ಜನ. ಅಕ್ಕ ಒಂದು ಹಳೆಯ ಪೊಟ್ಟಣ ತಂದರು. ಅಪ್ಪ ಕೊನೆಯದಾಗಿ ಹುರಿದು ಕಳಿಸಿದ್ದರಲ್ಲಿ ಒಂದು ಹಿಡಿ ಉಳಿದಿತ್ತು. ಅದನ್ನು ಉಳಿಸಿಡಲಿಲ್ಲ, ಪೂರಾ ಬಟ್ಟಲಿಗೆ ಹಾಕಿದರು. ಹೊಗೆಯ, ಹುರಿದ ಅಕ್ಕಿಯ, ಒಣಗಿದ ಹೂವಿನ ಆ ವಾಸನೆ ಎದ್ದಿತು. ಮೊದಲ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಗಂಡನ ಮುಂದೆ ಚಾಚಿದರು. ಆತ ತೆಗೆದುಕೊಂಡರು. ಕುಡಿಯಲಾಗಲಿಲ್ಲ. ಲೋಟ ಹಿಡಿದುಕೊಂಡೇ ಅತ್ತರು. ಅಕ್ಕ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಆತ ಅಳುತ್ತಲೇ ನಮಗೆ ಅದನ್ನು ಅರಬ್ಬಿಗೆ ದಾಟಿಸಿದರು, ಅಭ್ಯಾಸಬಲದಿಂದ.

“ಕುಡಿ, ಆರಿಹೋಗುತ್ತದೆ ಎನ್ನುತ್ತಿದ್ದಾಳೆ.”

ನೀರಿಗೆ ಬಣ್ಣ ಬರದಾಗುವವರೆಗೂ ಕುಡಿದೆವು. ಕೊನೆಗೆ ಅಕ್ಕ ಬಟ್ಟಲಿನ ಎಲೆಗಳನ್ನು ತಟ್ಟೆಗೆ ಸುರಿದು, ಒಂದು ಎಲೆಯನ್ನು ಬೆರಳಿನಿಂದ ಬಿಡಿಸಿ ಹರಡಿದರು. ಹುರಿದು ಕಪ್ಪಾಗಿದ್ದರೂ ನಡುವಿನಲ್ಲಿ ಮಾಸಿದ ಹಸಿರು, ಸುತ್ತ ತುಕ್ಕಿನ ಬಣ್ಣದ ಅಂಚು. ಹರಿದಿರಲಿಲ್ಲ, ಇಡೀ ಎಲೆ. ಆಗ ಅಕ್ಕ ಅತ್ತರು. ಮಗಳು ಅಪ್ಪನಿಗಾಗಿ ಅಳುವ ಹಾಗೆ, ದನಿ ತೆಗೆದು. ಗಂಡ ಪಕ್ಕಕ್ಕೆ ಸರಿದು ಕೂತು ಬೆನ್ನ ಮೇಲೆ ಕೈಯಿಟ್ಟರು. ನಾವು ಎದ್ದು ಸದ್ದಿಲ್ಲದೆ ಹೊರಬಂದೆವು.

ಮರುದಿನ ಅಕ್ಕ ಊರಿಗೆ ಹೋದರು. ಹಿಂಗಾರಿನ ಕೊಯ್ಲಿನವರೆಗೂ ಇದ್ದು ಬರುತ್ತೇನೆ ಎಂದಿದ್ದರು. ಆಗೀಗ ಫೋನಿಗೆ ಫೋಟೋ ಬರುತ್ತಿತ್ತು. ಮಂಜು ಹಿಡಿದ ಗುಡ್ಡ, ಬಿದಿರಿನ ದೊಡ್ಡ ತಟ್ಟೆಗಳು, ಇದ್ದಿಲಿನ ಮಸಿ ಹತ್ತಿದ ಅವರ ಅಂಗೈ. ಅಣ್ಣ ಒಲೆ ಬಿಟ್ಟುಕೊಟ್ಟಿದ್ದರಂತೆ. ಆದರೆ ಅಷ್ಟರಲ್ಲಿ ಇತ್ತ ರಿಯಾದಿನಲ್ಲಿ, ಕುಟುಂಬ ಇಟ್ಟುಕೊಂಡವರ ಮೇಲೆ ತಿಂಗಳ ತೆರಿಗೆ ಬಂತು. ಮಲಾಜ್‌ನ ಕಟ್ಟಡಗಳು ಒಂದೊಂದಾಗಿ ಖಾಲಿಯಾದವು. ಭಟ್ಕಳದ ಮಾಮಿ ಹೋದರು, ಹೈದರಾಬಾದಿನವರು ಹೋದರು. ನಮಗೂ ಬೇರೆ ದಾರಿಯಿರಲಿಲ್ಲ. ಇವರು ನಾಲ್ಕು ಜನ ಗಂಡಸರೊಂದಿಗೆ ಒಂದು ರೂಮು ಹಿಡಿದರು, ನಾನು ಕಾಪುವಿಗೆ ಬಂದೆ. ಅಕ್ಕ ವಾಪಸಾದದ್ದು ಅದರ ನಂತರ. ಎದುರಿನ ಬಾಗಿಲು ತಟ್ಟಿದರೆ ಯಾರೋ ಸೂಡಾನಿನವರು ತೆರೆದರಂತೆ.

ಆ ಸಲ ರಜೆಗೆ ಬಂದಾಗ ಇವರು ಒಂದು ಪೊಟ್ಟಣ ತಂದರು. ಅಕ್ಕ ತಮ್ಮ ಕೈಯಾರೆ ಮಾಡಿದ್ದು. ಸ್ಟೀಲಿನ ಲೋಟಕ್ಕೆ ತಟ್ಟೆ ಮುಚ್ಚಿ ಮಾಡಿಕೊಂಡು ಕುಡಿದೆ. ನಿಜ ಹೇಳಬೇಕೆಂದರೆ ಅದು ಅವರ ಅಪ್ಪನ ಚಾದಷ್ಟು ಒಳ್ಳೆಯದಿರಲಿಲ್ಲ, ಕೊನೆಯಲ್ಲಿ ಸ್ವಲ್ಪ ಕಹಿಯಿತ್ತು. ಅಕ್ಕನಿಗೇ ಅದು ಗೊತ್ತಿತ್ತು. “ಬೆಂಕಿ ಹೆಚ್ಚಾಯಿತು ಉಖ್ತಿ. ಮುಂದಿನ ವರ್ಷ ಸರಿ ಮಾಡುತ್ತೇನೆ” ಎಂದು ಫೋನಿಗೆ ಧ್ವನಿ ಕಳಿಸಿದ್ದರು. ಅತ್ತೆ ಒಂದು ಗುಟುಕು ಕುಡಿದು, ಹಾಲು ಸಕ್ಕರೆ ಇಲ್ಲದ್ದಕ್ಕೆ ಎಂತಕ್ಕೆ ಇಷ್ಟು ಸಂಭ್ರಮ ಎಂದರು.

ಮುಂದಿನ ವರ್ಷ ಚಾ ಬರಲಿಲ್ಲ. ಅಕ್ಕನಿಗೆ ಹೊಟ್ಟೆಯ ಕಾಯಿಲೆ, ಕೆಟ್ಟ ಜಾತಿಯದು. ಗಂಡ ಕೆಲಸ ಬಿಟ್ಟು ಅವರನ್ನು ಊರಿಗೆ ಕರೆದುಕೊಂಡು ಹೋದರು. ಆಮೇಲೆ ಅಕ್ಕನ ಧ್ವನಿ ಬರುವುದು ಅಪರೂಪವಾಯಿತು, ಬಂದರೂ ಉಸಿರೇ ಹೆಚ್ಚು. ಒಂದು ದಿನ ಅವರ ಗಂಡನ ಧ್ವನಿ ಬಂತು. ನಿಧಾನವಾಗಿ, ನನಗೆ ಅರ್ಥವಾಗಲೆಂದು ಒಂದೊಂದೇ ಅರಬ್ಬಿ ಶಬ್ದ ಬಿಡಿಸಿ ಹೇಳಿದ್ದರು.

“ಇವತ್ತು ಬೆಳಗ್ಗೆ ಹೋದಳು. ಇವತ್ತೇ ಹೇಳುತ್ತಿದ್ದೇನೆ. ಉಖ್ತಿಗೆ ಅದೇ ದಿನ ಹೇಳು ಎಂದು ಅವಳು ನನ್ನಿಂದ ಮಾತು ತೆಗೆದುಕೊಂಡಿದ್ದಳು.”

ಅಂದು ನಾನು ಅತ್ತುಬಿಟ್ಟೆ. ಆದರೆ ಯಾರ ಎದುರು? ಈ ಊರಿನಲ್ಲಿ ಅವರನ್ನು ಕಂಡವರಿಲ್ಲ. ಅವರ ಕಬರು ಎಲ್ಲಿದೆ ಎಂಬುದೂ ನನಗೆ ಸರಿಯಾಗಿ ಗೊತ್ತಿಲ್ಲ. ಗಂಡನ ಊರಿನಲ್ಲಿ ಎಂದಷ್ಟೇ ಗೊತ್ತು. ಅದು ಉತ್ತರದಲ್ಲಿ, ಚಾದ ಗುಡ್ಡಗಳಿಂದ ಬಹಳ ದೂರವಂತೆ. ಆ ನಂಬರಿಗೆ ಕಳಿಸಿದ ಈದ್ ಮುಬಾರಕ್ ಎರಡು ವರ್ಷದಿಂದ ತಲುಪುತ್ತಲೂ ಇಲ್ಲ.

ಪ್ರತಿ ಗುರುವಾರ ಮುಸ್ಸಂಜೆಯ ಮಗ್ರಿಬ್ ನಮಾಜು ಆದ ಮೇಲೆ ಅತ್ತೆ ಮನೆಯಲ್ಲಿ ಕುರಾನಿನ ಯಾಸೀನ್ ಓದಿಸುತ್ತಾರೆ. ಓದಿ ಮುಗಿದ ಮೇಲೆ ನಮ್ಮ ಮನೆಯ ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳಿ ದುಆ ಮಾಡುವುದು ರೂಢಿ. ಕೊನೆಯಲ್ಲಿ ನಾನು ಒಂದು ಹೆಸರನ್ನು ಬಾಯೊಳಗೇ ಸೇರಿಸಿಕೊಳ್ಳುತ್ತೇನೆ. ಕಳೆದ ಗುರುವಾರ ಅತ್ತೆಗೆ ಅದು ಕೇಳಿಸಿತು.

“ಅದು ಯಾರ ಹೆಸರು?”

“ನನ್ನ ಅಕ್ಕನದು.”

“ನಿನಗೆ ಅಕ್ಕ ಎಲ್ಲಿದ್ದಾಳೆ?” ಎಂದರು ಅತ್ತೆ.

“ಇದ್ದರು” ಎಂದೆ.